ಗಾಳಿಮರ ಮತ್ತು ಅಡುಂಬು ಬಳ್ಳಿ

ಕಾರವಾರದ ಕಡಲಂಚಿನ ಗಾಳಿಮರಗಳನ್ನು ಕಂಡವರು ಅವು ಸಮುದ್ರದಷ್ಟೇ ಹಳೆಯವು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ತರಗತಿಯಲ್ಲಿ ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಆದರೆ ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾಗಳ ಕರಾವಳಿಯ ಈ ಮರವನ್ನು ಕಾರವಾರಕ್ಕೆ ತಂದು ನೆಟ್ಟದ್ದು 1868ರ ಸುಮಾರಿಗೆ. ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿ ಆಗ ಆರು ವರ್ಷವಾಗಿತ್ತು. ಬೇಗ ಬೆಳೆಯುವ, ಉಪ್ಪುಗಾಳಿಗೆ ಜಗ್ಗದ, ಒಳ್ಳೆಯ ಸೌದೆ ಕೊಡುವ ಮರ. ಸರಕಾರಕ್ಕೆ ಇನ್ನೇನು ಬೇಕು? 1883ರಲ್ಲಿ ರವೀಂದ್ರನಾಥ ಠಾಕೂರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ಉಳಿದಿದ್ದರು. ತಮ್ಮ ನೆನಪುಗಳಲ್ಲಿ ಅವರು ಈ ದಂಡೆಯ ಗಾಳಿಮರದ ಕಾಡನ್ನು ಮರೆಯದೆ ಬರೆದಿದ್ದಾರೆ. ಹದಿನೈದೇ ವರ್ಷದ ಕಾಡು!

ಅದಕ್ಕೂ ಮೊದಲಿನಿಂದ ದಂಡೆ ಕಾಯುತ್ತಿದ್ದವು ಬೇರೆ. ಅಲೆಗೆ ಹತ್ತಿರದಲ್ಲಿ ಅಡುಂಬು ಬಳ್ಳಿ, ರಾವಣನ ಮೀಸೆ. ಹಿಂದೆ ಕೇದಗೆ, ಹೊನ್ನೆ. ಅಡುಂಬು ಬಳ್ಳಿಯ ಎಲೆ ಆಡಿನ ಗೊರಸಿನಂತೆ ಸೀಳಿರುತ್ತದೆ, ಹೂ ತಿಳಿ ನೇರಳೆ. ಹರಿದಲ್ಲೆಲ್ಲ ಗಿಣ್ಣಿಗೊಂದು ಬೇರು ಬಿಡುತ್ತದೆ. ಗಾಳಿಗೆ ಹಾರುವ ಹೊಯ್ಗೆ ಅದರ ಎಲೆಗೆ ತಡೆದು ಅಲ್ಲೇ ಕೂರುತ್ತದೆ. ಬಳ್ಳಿ ಹೂತುಹೋದರೆ ಮತ್ತೆ ಮೇಲೆ ಚಿಗುರುತ್ತದೆ. ಹೀಗೆ ಬೇಸಿಗೆಯಿಡೀ ದಿಬ್ಬ ಏರುತ್ತದೆ. ಮಳೆಗಾಲದಲ್ಲಿ ಸಮುದ್ರ ಕೇಳಿದಾಗ ಕೊಡಲು ಅದೇ ಗಂಟು. ಗಾಳಿಮರ ಗಾಳಿಯನ್ನೇನೋ ತಡೆಯುತ್ತದೆ, ಅದನ್ನು ಬಯ್ಯಲು ನನಗೆ ಮನಸ್ಸಿಲ್ಲ. ಆದರೆ ಅದರ ಉದುರಿದ ಸೂಜಿಯೆಲೆಯ ಹಾಸಿನಲ್ಲಿ ಬೇರೆ ಗಿಡ ಏಳುವುದು ಕಷ್ಟ. ಅಲೆ ಬುಡದ ಹೊಯ್ಗೆ ಕೊರೆದರೆ ಮರ ಬೇರುಸಹಿತ ಮಗುಚುತ್ತದೆ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. 1996ರ ವನಮಹೋತ್ಸವಕ್ಕೆ ಅಂಕೋಲೆ ಕಡೆಯ ಒಂದು ಶಾಲೆಯಿಂದ ಮಕ್ಕಳನ್ನು ದಂಡೆಗೆ ಕರೆದೊಯ್ದವಳು ನಾನೇ. ಸಾಲು ನೆಟ್ಟಗೆ ಕಾಣಲಿ ಎಂದು ಮೊದಲು ಬಳ್ಳಿಯನ್ನೆಲ್ಲ ಕೀಳಿಸಿದೆ. ಮೀನು ಒಣಗಿಸುತ್ತಿದ್ದ ಮುದುಕಿಯೊಬ್ಬರು, “ಅಕ್ಕೋರೆ, ಬಳ್ಳಿ ಕಿತ್ರೆ ಹೊಯ್ಗೆ ನಿಲ್ಲೂದಿಲ್ಲ” ಅಂದರು. ಬಿ.ಎ., ಬಿ.ಎಡ್. ಆದವಳಿಗೆ ಅದು ಕೇಳಿಸಲಿಲ್ಲ. ಆ ದಿನದ ಫೋಟೋ ಈಗಲೂ ನನ್ನಲ್ಲಿದೆ: ಬೋಳು ದಂಡೆ, ಕೋಲು ಕಟ್ಟಿದ ಸಸಿಗಳು, ನಗುವ ಮಕ್ಕಳು.

ಮರಗಳು ಎತ್ತರವಾದವು. ಮುಂದೆ ಕೆಲವು ಮಳೆಗಾಲಗಳಲ್ಲಿ ಮೊದಲ ಸಾಲು, ಆಮೇಲೆ ಎರಡನೆಯದು ನೀರಿಗೆ ಬಿದ್ದವು. ಕಲ್ಲು ತಂದು ಸುರಿದರು. ಅದೂ ಹೊಯ್ಗೆಯಲ್ಲಿ ಇಳಿಯಿತು. ಬಳ್ಳಿ ಇದ್ದಿದ್ದರೆ ಎಲ್ಲವೂ ಉಳಿಯುತ್ತಿತ್ತು ಎನ್ನಲಾರೆ. ಅಳಿವೆ ಹೊರಳಿದಲ್ಲಿ, ಬಂದರಿನ ಗೋಡೆ ಹೊಯ್ಗೆಯ ದಾರಿ ಕಟ್ಟಿದಲ್ಲಿ ಯಾವ ಬಳ್ಳಿಯೂ ಸಾಲದು. ನಮ್ಮ ದಂಡೆಯಲ್ಲಿ ಅಂಥ ಗೋಡೆ ಇರಲಿಲ್ಲ, ಅಷ್ಟೆ.

ಹೋದ ಮಳೆಗಾಲದಲ್ಲಿ ಆ ಮುದುಕಿಯ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡಿದ್ದರು. ಮಗಳ ಹಿತ್ತಲಿನಾಚೆ ಬಳ್ಳಿ ಇನ್ನೂ ಹಬ್ಬಿತ್ತು. ನಾಲ್ಕು ತುಂಡು ಕೇಳಿದೆ. “ಕಿತ್ತೋರೇ ನೆಡಬೇಕು ಅಕ್ಕೋರೆ” ಎಂದು ನಗುತ್ತ, ಕತ್ತಿ ತರಲು ಒಳಗೆ ಹೋದಳು.