ಬ್ರಹ್ಮಗಿರಿ ಉತ್ಖನನ

ಬ್ರಹ್ಮಗಿರಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಪ್ರಾಗೈತಿಹಾಸಿಕ ನೆಲೆ. ಅಶೋಕನ ಶಾಸನವನ್ನು ಪತ್ತೆಹಚ್ಚಿ 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದ ಈ ಬೆಟ್ಟದ ತಪ್ಪಲಿನಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಮೊದಲು ಅಗೆಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿಯೂ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಉತ್ಖನನ ನಡೆಸಿದರು.

ಒಂದರ ಮೇಲೊಂದು ಮೂರು ಸಂಸ್ಕೃತಿಗಳು ಕಂಡವು. ತಳದಲ್ಲಿ ನವಶಿಲಾಯುಗದ ನಯಗೊಳಿಸಿದ ಕಲ್ಲುಕೊಡಲಿ, ಕೈಯಿಂದ ಮಾಡಿದ ಬೂದು ಮಡಕೆ, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಅಸ್ಥಿ. ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾಯುಗದವರು, ಅವರ ಕಪ್ಪು-ಕೆಂಪು ಮಡಕೆಗಳು, ಕಿಂಡಿಯುಳ್ಳ ಕಲ್ಲುಚಪ್ಪಡಿಯ ಗೋರಿಗಳು. ಕೊನೆಗೆ ಶಾತವಾಹನರ ಕಾಲ.

ಈ ಪದರಗಳಿಗೆ ಕಾಲ ಕಟ್ಟಿದ ಬಗೆಯೇ ಉತ್ಖನನದ ದೊಡ್ಡ ಸಾಧನೆ. ರೋಮನ್ನರೊಡನೆ ವ್ಯಾಪಾರವಿದ್ದ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ಕಾಲ ತಿಳಿದಿದ್ದ ಇಟಲಿಯ ಮಡಕೆಗಳ ಜೊತೆ ದೊರೆತಿದ್ದ ಚುಕ್ಕೆಗೆರೆ ಅಲಂಕಾರದ ಮಡಕೆಚೂರು ಇಲ್ಲಿಯೂ ಸಿಕ್ಕಿತು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿನಾಣ್ಯವೂ ದೊರೆಯಿತು. ಹೀಗೆ ಮೇಲಿನ ಪದರಕ್ಕೆ ಕ್ರಿ. ಶ. 1ನೆಯ ಶತಮಾನ ನಿಂತಿತು. ಅಲ್ಲಿಂದ ಕೆಳಕ್ಕೆ ಎಣಿಸಿದ ವೀಲರ್ ನವಶಿಲಾಯುಗವನ್ನು ಕ್ರಿ. ಪೂ. 1000ದ ಸುಮಾರಿಗೆ ಇಟ್ಟರು. ಅದು ತೀರ ಈಚಿನದಾಯಿತು: ಇಂಗಾಲದ ಕಾಲಗಣನೆ ದಕ್ಷಿಣದ ನವಶಿಲಾಯುಗವನ್ನು ಕ್ರಿ. ಪೂ. 3ನೆಯ ಸಹಸ್ರಮಾನಕ್ಕೆ ಒಯ್ದಿದೆ.