ಜಾತಕವಿಲ್ಲದ ಅಲಗು

ಬೋಗೋರ್ ಪಟ್ಟಣದ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ನಾನು ಕುಜಂಗ್ ಒಂದನ್ನು ಕೊಂಡಾಗ, ಮಾರಿದಾತ ಅದರ ವಯಸ್ಸನ್ನು ಎರಡೇ ಮಾತಿನಲ್ಲಿ ಮುಗಿಸಿದ: "ಪಜಾಜರಾನ್ ಕಾಲದ್ದು." ಜಾವಾ ದ್ವೀಪದ ಪಶ್ಚಿಮ ಭಾಗದಲ್ಲಿ, ಅಂದರೆ ಸುಂಡಾ ಜನರ ನಾಡಿನಲ್ಲಿ, ಮಾರಾಟಕ್ಕೆ ಬರುವ ಹಳೆಯ ಕಬ್ಬಿಣವೆಲ್ಲ ಪಜಾಜರಾನ್ ಕಾಲದ್ದೇ! ಬೋಗೋರ್ ಇರುವ ನೆಲದಲ್ಲಿಯೇ ಆ ಹಿಂದೂ ರಾಜ್ಯದ ರಾಜಧಾನಿ ಪಕುವಾನ್ ಇತ್ತು. 1579ರಲ್ಲಿ ಬಾಂಟೆನ್ ಸುಲ್ತಾನರ ದಂಡಿಗೆ ಬಿದ್ದುಹೋಯಿತು. ಎಂದ ಮೇಲೆ ನನ್ನ ಅಲಗಿಗೆ ನಾನೂರು ವರ್ಷಕ್ಕೆ ಕಡಮೆಯಿಲ್ಲವೆಂದಾಯಿತು. ತಲೆಯಾಡಿಸಿ ಹಣ ಎಣಿಸಿದೆ.

ಕುಜಂಗನ್ನು ಕಾಣದವರಿಗೆ ಅದರ ರೂಪವನ್ನು ಹೇಳಬೇಕು. ತುದಿ ಹಕ್ಕಿಯ ಕೊಕ್ಕಿನಂತೆ ಬಾಗಿರುತ್ತದೆ. ಬೆನ್ನಿನ ಮೇಲೆ ಮುಳ್ಳಿನಂಥ ಕಚ್ಚುಗಳು. ಮೈಯಲ್ಲಿ ಸಾಲಾಗಿ ಸಣ್ಣ ತೂತುಗಳು. ಈ ತೂತುಗಳಿಗೆ ಅಲ್ಲಿಯವರು 'ಮಾತಾ', ಎಂದರೆ ಕಣ್ಣು, ಎನ್ನುತ್ತಾರೆ. ಕೆಲವು ಅಲಗುಗಳ ಕಣ್ಣಿಗೆ ಚಿನ್ನವನ್ನೂ ತುಂಬಿದ್ದುಂಟು. ಆಕಾರ ನೋಡಿ ಹುಂಜ, ಕೊಕ್ಕರೆ, ಖಡ್ಗಮೃಗ ಎಂದು ಹೆಸರಿಡುತ್ತಾರೆ. ಇಂದು ಅದು ಪಶ್ಚಿಮ ಜಾವಾ ಪ್ರಾಂತದ ಲಾಂಛನದಲ್ಲಿದೆ. ಬೋಗೋರಿನಲ್ಲಿ 1982ರಲ್ಲಿ ಎತ್ತಿದ ಸ್ತಂಭದ ನೆತ್ತಿಯ ಮೇಲೂ ಇದೆ. ರಾಜರ ಆಯುಧವೆಂದು ನಂಬುವುದು ಬಲು ಸುಲಭ.

ಆದರೆ ಹಳೆಯ ಸುಂಡಾ ಭಾಷೆಯ 'ಸಂಘ್ಯಂಗ್ ಸಿಕ್ಸ ಕಂದಂಗ್ ಕರೆಸಿಯನ್' ಎಂಬ ತಾಳೆಗರಿ ಗ್ರಂಥ ಬೇರೆಯೇ ಮಾತು ಹೇಳುತ್ತದೆ. ಅದು ಆಯುಧಗಳನ್ನು ಮೂರು ಪಾಲು ಮಾಡಿದೆ. ಖಡ್ಗ, ಕ್ರಿಸ್ ಮುಂತಾದವು ರಾಜನವು. ಕೆತ್ತುವ, ಹೆರೆಯುವ ಚೂರಿಗಳು ಪುರೋಹಿತರವು. ಕುಜಂಗ್ ಇರುವುದು ಕೊಡಲಿ, ಕಳೆ ತೆಗೆಯುವ ಕತ್ತಿ, ರಸ ಇಳಿಸುವ ಚೂರಿಗಳ ಜೊತೆ, ಒಕ್ಕಲಿಗನ ಪಾಲಿನಲ್ಲಿ! ಗ್ರಂಥದ ಕಾಲವೂ ಖಚಿತ. 'ಇಲ್ಲ', 'ನಾಲ್ಕು', 'ಸಾಗರ', 'ಚಂದ್ರ' ಎಂಬರ್ಥದ ಪದಗಳನ್ನು ಸಾಲಾಗಿಟ್ಟು, ಬಲದಿಂದ ಎಡಕ್ಕೆ ಓದಿಕೊಳ್ಳಿ ಎಂದು ಬಿಟ್ಟಿದ್ದಾರೆ: ಶಕ 1440, ಕ್ರಿ. ಶ. 1518. ನಮ್ಮ ಶಾಸನಗಳಲ್ಲಿ ಇಂಥ ಲೆಕ್ಕವನ್ನು ಕಂಡವರಿಗೆ ಇದು ನೆಂಟರ ಮನೆಯ ಅಡಿಗೆಯಂತೆ. ಶಕವೂ ನಮ್ಮ ಪಂಚಾಂಗದ್ದೇ.

ಗ್ರಂಥಕ್ಕೆ ಜಾತಕವಿದೆ, ಅಲಗಿಗಿಲ್ಲ. ತೇದಿ ಕೊರೆದ ಅಲಗು ಜಾವಾದಲ್ಲಿ ಬಹು ಅಪೂರ್ವ. ಆಮ್‌ಸ್ಟರ್‌ಡ್ಯಾಮ್ ಸಂಗ್ರಹಾಲಯದ 'ಕ್ನೌಡ್ ಕ್ರಿಸ್' ಮೇಲೆ ಶಕ 1264 ಎಂದಿರುವುದೇ ಒಂದು ದೊಡ್ಡ ಸುದ್ದಿ. ಉಕ್ಕಿನೊಳಗಿನ ಇದ್ದಿಲಿನ ಅಂಶದಿಂದ ವಿಜ್ಞಾನಿಗಳು ಕಾಲ ಹೇಳಬಲ್ಲರು. ಆದರೆ ಅದಕ್ಕೆ ಅಲಗನ್ನು ಚೂರು ಕತ್ತರಿಸಿ ಕೊಡಬೇಕು. ತಿಳಿಯುವುದೂ ಇದ್ದಿಲಾದ ಮರದ ಕಾಲ, ಕಮ್ಮಾರನದಲ್ಲ. ಹಳೆಯ ಕಬ್ಬಿಣವನ್ನು ಮತ್ತೆ ಕಾಸಿ ಬಡಿದಿದ್ದರಂತೂ ಲೆಕ್ಕ ಇನ್ನೂ ಗೋಜಲು. ಇನ್ನುಳಿದದ್ದು ಕಣ್ಣಿನ ಪರೀಕ್ಷೆ. ಆಮ್ಲದಲ್ಲಿ ಅದ್ದಿ ಮುದಿಯಾಗಿಸಿದ ಹೊಸ ಅಲಗಿನ ಗುಳಿಗಳು ಚುರುಕಾಗಿರುತ್ತವೆ. ಯಂತ್ರ ಕೊರೆದ ತೂತು ಅತಿ ದುಂಡಗಿರುತ್ತದೆ. ಹಾಗೆಂದು ಸವೆದದ್ದೆಲ್ಲ ಹಳೆಯದೂ ಅಲ್ಲ. ಪದರ ಪದರವಾಗಿ ಬೆಸೆದ ಲೋಹದ 'ಪಮೊರ್' ಚಿತ್ತಾರ ಎದ್ದು ಕಾಣಲೆಂದು ನಿಂಬೆರಸ, ಪಾಷಾಣಗಳಿಂದ ತೊಳೆಯುವ ಪದ್ಧತಿಯಿದೆ. ಪ್ರತಿ ಸ್ನಾನವೂ ಕಬ್ಬಿಣವನ್ನು ಒಂದಿಷ್ಟು ತಿನ್ನುತ್ತದೆ. ಭಕ್ತಿಯಿಂದ ತೊಳೆಸಿಕೊಂಡ ಅಲಗು ಬೇಗ ಮುದಿಯಾಗಿ ಕಾಣುವುದು ಸಹಜ.

ಇದೆಲ್ಲ ನಾನು ಆಮೇಲೆ ಕಲಿತದ್ದು. ಕೊಂಡ ವಾರದಲ್ಲೇ ಪಮೊರ್ ನೋಡುವ ಚಪಲಕ್ಕೆ ನಿಂಬೆರಸದಲ್ಲಿ ಅದ್ದಿ ಮಲಗಿಬಿಟ್ಟೆ. ಬೆಳಗ್ಗೆ ನೋಡಿದರೆ ಚಿತ್ತಾರವೇನೂ ಇರಲಿಲ್ಲ. ಬೂದುಬಣ್ಣದ ಬೋಳು ಕಬ್ಬಿಣ, ಬೆನ್ನಿನ ಮುಳ್ಳೊಂದರ ಮೊನೆ ಮಾಯ. ತಿಂಗಳ ತರುವಾಯ ಬಹುಕಾಲದಿಂದ ಅಲಗುಗಳನ್ನು ಕೂಡಿಟ್ಟಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ತೂತುಗಳೊಳಗೆ ಬಹಳ ಹೊತ್ತು ನೋಡಿದರು. ತೊಳೆಯುವ ಮುನ್ನ ಕಣ್ಣುಗಳ ಒಳಗೋಡೆಯ ತುಕ್ಕು ಯಾವ ಬಣ್ಣದ್ದಿತ್ತು ಎಂದು ಕೇಳಿದರು.

ನನಗೆ ನೆನಪಿರಲಿಲ್ಲ.