ಕಡಲು ಕಟ್ಟುವವನ ಪಾಲು

ಕಡಲಿನಾಳದಲ್ಲಿ ಅರ್ಧ ಮುಕ್ಕಾಲು ಗಂಟೆ ಕಳೆದು ಮೇಲೆ ಬಂದ ಪ್ರವಾಸಿ, ದೋಣಿಯ ಹಲಗೆಯ ಮೇಲೆ ಕುಳಿತು ಮೈಯೊರಸಿಕೊಳ್ಳುತ್ತ, ಪಕ್ಕದವನ ಕಿವಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: ‘ನಮ್ಮ ಗೈಡಿಗೆ ಎಷ್ಟು ಕೊಡಬೇಕು?’ ಫ್ಲಾರಿಡದಲ್ಲಿ, ಕೆಂಪು ಸಮುದ್ರದಲ್ಲಿ, ಮಾಲ್ಡೀವ್ಸಿನಲ್ಲಿ ಈ ಪ್ರಶ್ನೆ ಹಳೆಯದು. ನಮ್ಮ ಮುರುಡೇಶ್ವರದ ದಂಡೆಯಿಂದ ನೇತ್ರಾಣಿ ದ್ವೀಪದ ಕಡೆಗೆ ಹೋಗಿ ಮುಳುಗಿ ಬರುವವರಿಗೂ ಅದು ಈಗ ಅಪರಿಚಿತವಲ್ಲ. ಮೇಲುನೋಟಕ್ಕೆ ಇದು ಜೇಬಿನ ಪ್ರಶ್ನೆ. ನೀರಿನೊಳಗೆ ಒಬ್ಬನ ಉಸಿರನ್ನು ಇನ್ನೊಬ್ಬ ಕಾಯುವಾಗ, ಕಾಯುವವನ ಋಣ ಹೇಗೆ ಸಲ್ಲಬೇಕು ಎಂಬುದು ಅದರ ಹಿಂದೆ ನಿಂತಿರುವ ಪ್ರಶ್ನೆ. ಆ ಪ್ರಶ್ನೆಗೆ ಏಳುನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಹದಿಮೂರನೆಯ ಶತಮಾನದ ಕೊನೆಯಲ್ಲಿ ಚೋಳಮಂಡಲದ ಕರಾವಳಿಯನ್ನು ಕಂಡ ವೆನಿಸ್ಸಿನ ಮಾರ್ಕೊ ಪೋಲೊ, ಸಿಂಹಳಕ್ಕೂ ತಮಿಳು ನೆಲಕ್ಕೂ ನಡುವಣ ಕೊಲ್ಲಿಯಲ್ಲಿ ನಡೆಯುತ್ತಿದ್ದ ಮುತ್ತಿನ ಬೇಟೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ವರ್ತಕರು ಕೂಲಿ ಗೊತ್ತುಮಾಡಿ ಮುಳುಗುಗಾರರನ್ನು ಕರೆದೊಯ್ಯುತ್ತಿದ್ದರು. ದೊರೆತದ್ದರಲ್ಲಿ ಅರಸನಿಗೆ ಹತ್ತರಲ್ಲೊಂದು ಪಾಲು. ದೊಡ್ಡ ಮೀನುಗಳು ಮುಳುಗಿದವರ ತಂಟೆಗೆ ಬಾರದಂತೆ ಮಂತ್ರ ಹಾಕುವವರಿಗೆ ಇಪ್ಪತ್ತರಲ್ಲೊಂದು ಪಾಲು. ಅರಸನ ಪಾಲಿನ ಅರ್ಧ ಮಂತ್ರವಾದಿಗೆ! ಹಗಲು ಕಟ್ಟಿದ ಮಂತ್ರವನ್ನು ಇವರು ರಾತ್ರಿ ಬಿಚ್ಚಿಬಿಡುತ್ತಿದ್ದರಂತೆ. ಕತ್ತಲಲ್ಲಿ ಕದ್ದು ಮುಳುಗುವವನಿಗೆ ರಕ್ಷಣೆಯಿಲ್ಲದಿರಲಿ ಎಂಬ ವ್ಯವಹಾರಜ್ಞಾನವೂ ಇದರಲ್ಲಿತ್ತೆಂದು ನನ್ನ ಊಹೆ.

ಈ ಮಂತ್ರವಾದಿ ಬಹುಕಾಲ ಬಾಳಿದ. ತಮಿಳಿನಲ್ಲಿ ಅವನಿಗೆ ‘ಕಡಲ್ ಕಟ್ಟಿ’ ಎಂದು ಹೆಸರು. ಕಡಲನ್ನು ಕಟ್ಟುವವನು ಎಂದು ನಾವು ಕನ್ನಡಿಗರು ಅರ್ಥ ಹೇಳಿಸಿಕೊಳ್ಳದೆಯೇ ತಿಳಿಯಬಲ್ಲೆವು. ಸಿಂಹಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಎಮರ್ಸನ್ ಟೆನೆಂಟ್, ೧೮೬೧ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇವನ ವಿಷಯ ಬರೆಯುತ್ತಾನೆ. ಆ ವೇಳೆಗೆ ಈ ಹುದ್ದೆಯಲ್ಲಿದ್ದವನು ರೋಮನ್ ಕ್ಯಾಥೊಲಿಕ್ ಕ್ರೈಸ್ತ. ಅದರಿಂದ ಮಂತ್ರದ ಬಲವೇನೂ ಕುಂದಿದಂತೆ ಯಾರಿಗೂ ತೋರಲಿಲ್ಲ! ಅವನಿಲ್ಲದೆ ಮುಳುಗುಗಾರರು ನೀರಿಗೆ ಇಳಿಯಲೊಲ್ಲರು. ಆದ್ದರಿಂದ ಮಂತ್ರವನ್ನು ನಂಬದ ಸರ್ಕಾರವೂ ಮಂತ್ರವಾದಿಯನ್ನು ಇಟ್ಟುಕೊಳ್ಳಬೇಕಾಯಿತು. ಅವನು ಕೊಡುತ್ತಿದ್ದುದು ಧೈರ್ಯ. ಧೈರ್ಯಕ್ಕೂ ಒಂದು ಗೊತ್ತಾದ ಪಾಲಿತ್ತು.

ಇನ್ನೊಬ್ಬನಿದ್ದ. ಮುಳುಗುಗಾರ ಕಾಲಿಗೆ ಭಾರದ ಕಲ್ಲು ಸಿಕ್ಕಿಸಿಕೊಂಡು ತಳಕ್ಕೆ ಇಳಿದಾಗ ಹಗ್ಗದ ತುದಿಯನ್ನು ದೋಣಿಯಲ್ಲಿ ಹಿಡಿದು ನಿಂತವನು. ಒಂದು ನಿಮಿಷದ ಆಸುಪಾಸು ಆಡುವ ಉಸಿರು. ಹಗ್ಗ ಜಗ್ಗಿದ ಗಳಿಗೆಗೇ ಮೇಲಕ್ಕೆಳೆಯಬೇಕು. ಅವನ ಗಮನ ತಪ್ಪಿದರೆ ಕೆಳಗಿನವನ ಕತೆ ಮುಗಿಯಿತು. ಬ್ರಿಟಿಷರ ಕಾಲದ ಕೊನೆಕೊನೆಯ ಬೇಟೆಗಳಲ್ಲಿ ಚಿಪ್ಪಿನ ರಾಶಿಯನ್ನು ಮೂರು ಪಾಲು ಮಾಡಿ ಎರಡನ್ನು ಸರ್ಕಾರ ತೆಗೆದುಕೊಳ್ಳುತ್ತಿತ್ತು. ಉಳಿದ ಒಂದು ದೋಣಿಯವರದು. ಆ ಒಂದರಲ್ಲಿ ಹಗ್ಗ ಹಿಡಿದವನಿಗೂ ಹಕ್ಕಿತ್ತು. ನಮ್ಮ ಹಳ್ಳಿಗಳ ಹನ್ನೆರಡು ಆಯಗಾರರ ಪದ್ಧತಿಯನ್ನು ಬಲ್ಲವರಿಗೆ ಇದರ ಧರ್ಮ ಹೊಸದೆನಿಸದು. ಕಣದಲ್ಲಿ ರಾಶಿಯಾದಾಗ ಕಮ್ಮಾರನೂ ಬಡಗಿಯೂ ಕೈಯೊಡ್ಡುತ್ತಿದ್ದುದು ಆಯಕ್ಕೆ. ರೈತನ ಮುಖ ಅಂದು ನಗುತ್ತಿದೆಯೋ ಗಂಟಿಕ್ಕಿದೆಯೋ ಎಂಬುದು ಅಲ್ಲಿ ಲೆಕ್ಕಕ್ಕಿರಲಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಕಾಲು ನೆನೆಯಿಸದೆ ಮೂರರಲ್ಲಿ ಎರಡು ಪಾಲು ಕೊಂಡೊಯ್ದ ಸರ್ಕಾರವನ್ನು ಯಾರು ಮೆಚ್ಚಿಯಾರು? ಪರ್ಷಿಯಾ ಕೊಲ್ಲಿಯಲ್ಲಂತೂ ಮುಂಗಡದ ಸಾಲಕ್ಕೆ ಸಿಕ್ಕಿ ಜೀವಮಾನವಿಡೀ ಮುಳುಗಿದವರಿದ್ದರು. ಸಿಂಹಳದ ಬೇಟೆಯನ್ನು ೧೯೦೬ರಲ್ಲಿ ಒಂದು ಕಂಪೆನಿಗೆ ಗುತ್ತಿಗೆ ಕೊಟ್ಟರು. ೧೯೦೭ರ ಬಳಿಕ ಚಿಪ್ಪೇ ಸಿಗದೆ ಅದು ಕೈಬಿಟ್ಟುಹೋಯಿತು.

ಪಾಲು ಹೋಗಿ ಭಕ್ಷೀಸು ಬಂದ ಬಗೆಯನ್ನು ತಿಳಿಯಲು ಕಡಲು ಬಿಟ್ಟು ರೈಲು ಹತ್ತಬೇಕು. ಇಂಗ್ಲಿಷಿನ ‘ಟಿಪ್’ ಎಂಬ ಮಾತು ಯಾವುದೋ ಮೂರು ಪದಗಳ ಮೊದಲಕ್ಷರಗಳಿಂದಾಯಿತೆಂಬ ಕತೆಯನ್ನು ನೀವು ಕೇಳಿರಬಹುದು, ನಂಬಬೇಡಿ. ಅದು ಹದಿನೇಳನೆಯ ಶತಮಾನದ ಕಳ್ಳರ ಒಳನುಡಿ. ಕೈಗೆ ದಾಟಿಸು ಎಂದಷ್ಟೇ ಅರ್ಥ. ಇದನ್ನು ಒಂದು ಸಂಬಳದ ವ್ಯವಸ್ಥೆಯಾಗಿ ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಪುಲ್‌ಮನ್ ಕಂಪೆನಿಯವರು. ೧೮೬೭ರಲ್ಲಿ ಆರಂಭವಾದ ಈ ಕಂಪೆನಿ ತನ್ನ ಮಲಗುವ ಗಾಡಿಗಳಿಗೆ ಆಗಷ್ಟೆ ಗುಲಾಮಗಿರಿಯಿಂದ ಬಿಡುಗಡೆಗೊಂಡಿದ್ದ ಕಪ್ಪು ಜನರನ್ನು ಸೇವಕರಾಗಿ ನೇಮಿಸಿತು. ಸಂಬಳ ಅಲ್ಪ, ಮಿಕ್ಕದ್ದು ಪ್ರಯಾಣಿಕರ ಕೃಪೆ. ೧೯೧೫ರಲ್ಲಿ ಇವರ ಆರಂಭದ ಸಂಬಳ ತಿಂಗಳಿಗೆ ಇಪ್ಪತ್ತೇಳೂವರೆ ಡಾಲರ್. ಆ ವರ್ಷ ಸರ್ಕಾರಿ ಆಯೋಗದ ಮುಂದೆ ಕಂಪೆನಿಯ ಪರವಾಗಿ ಉತ್ತರ ಹೇಳಲು ನಿಂತವನು ಅದರ ಹಿಂದಿನ ಅಧ್ಯಕ್ಷ ರಾಬರ್ಟ್ ಲಿಂಕನ್ — ಗುಲಾಮರ ಬಿಡುಗಡೆಯನ್ನು ಸಾರಿದ ಅಬ್ರಹಾಂ ಲಿಂಕನ್ನನ ಮಗ! ಸೇವಕರು ೧೯೨೫ರಲ್ಲಿ ಫಿಲಿಪ್ ರಾಂಡಾಲ್ಫನ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಕಂಪೆನಿ ಒಪ್ಪಂದಕ್ಕೆ ಸಹಿ ಹಾಕಲು ೧೯೩೭ರವರೆಗೆ ಕಾಯಬೇಕಾಯಿತು. ಪದ್ಧತಿಯ ಬೇರು ಮಾತ್ರ ಉಳಿಯಿತು. ಭಕ್ಷೀಸು ಪಡೆಯುವ ನೌಕರನಿಗೆ ಧಣಿ ಕೊಡಲೇಬೇಕಾದ ಕನಿಷ್ಠ ವೇತನವನ್ನು ಅಮೆರಿಕದ ಕೇಂದ್ರ ಕಾನೂನು ೧೯೯೧ರಿಂದ ಗಂಟೆಗೆ ೨.೧೩ ಡಾಲರಿನಲ್ಲೇ ನಿಲ್ಲಿಸಿದೆ.

ಇನ್ನು ಕಡಲಿಗೆ ಮರಳೋಣ. ೧೯೪೩ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್ ಎಂಬಿಬ್ಬರು, ಬೆನ್ನಿನ ಸಿಲಿಂಡರಿನಿಂದ ಬೇಕಾದಷ್ಟೇ ಗಾಳಿ ಬಾಯಿಗೊದಗಿಸುವ ಸಾಧನವನ್ನು ರೂಪಿಸಿದರು. ಮುಳುಗುವುದು ಹೊಟ್ಟೆಪಾಡಷ್ಟೇ ಆಗಿ ಉಳಿಯದೆ ವಿನೋದವೂ ಆಯಿತು. ಹಿಂದೆ ಮುಳುಗುವವನು ಬಡವ, ಕಾಯುವವನೂ ಬಡವ, ದಂಡೆಯಲ್ಲಿ ಕುಳಿತವನು ಧನಿಕ. ಈಗ ಧನಿಕನೇ ಮುಳುಗುತ್ತಾನೆ. ಕಾಯುವವನು ಅವನ ಜೊತೆಯಲ್ಲೇ ಇಳಿಯುತ್ತಾನೆ. ಅಮೆರಿಕದ ಪ್ರವಾಸಿಯ ಜೊತೆಗೆ ಅವನ ಭಕ್ಷೀಸಿನ ಅಭ್ಯಾಸವೂ ದೋಣಿ ಹತ್ತಿತು.

ನನ್ನ ಆತಂಕ ಇರುವುದು ಇಲ್ಲಿಯೇ. ಹೋಟೆಲಿನಲ್ಲಿ ಒಳ್ಳೆಯ ಸೇವೆಯೆಂದರೆ ಕೇಳಿದ್ದನ್ನು ತಂದಿಡುವುದು. ನೀರಿನ ತಳದಲ್ಲಿ ಒಳ್ಳೆಯ ಸೇವೆಯೆಂದರೆ ಎಷ್ಟೋ ವೇಳೆ ಕೇಳಿದ್ದನ್ನು ಕೊಡದಿರುವುದು. ಗೈಡು ಪ್ರತಿಯೊಬ್ಬನ ಗಾಳಿಯ ಮಾಪಕವನ್ನು ನೋಡುತ್ತಿರಬೇಕು. ಇನ್ನೂರು ಬಾರ್ ಒತ್ತಡದಿಂದ ಹೊರಟದ್ದು ನೂರಕ್ಕಿಳಿದಾಗ, ಆಮೆಯೊಂದು ಆಗಷ್ಟೆ ಕಾಣಿಸಿಕೊಂಡಿದ್ದರೂ ತಿರುಗಿಸಿ ಕರೆತರಬೇಕು. ಹವಳ ಮುಟ್ಟಹೋದ ಕೈಯನ್ನು ತಡೆಯಬೇಕು. ಮೇಲೇರುವ ಆತುರದವನನ್ನು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ಹಿಡಿದು ನಿಲ್ಲಿಸಬೇಕು. ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯೆದ್ದು ಕೀಲುಗಳನ್ನು ಹಿಂಡೀತು. ಅಲೆ ಹೆಚ್ಚಿದ ದಿನ ‘ಇವತ್ತು ಬೇಡ’ ಎನ್ನಬೇಕು. ಇಷ್ಟೆಲ್ಲ ಬೇಡಗಳನ್ನು ಹೇಳಿದವನ ಕೈಗೆ ಮುನಿದ ಪ್ರವಾಸಿ ಏನು ಹಾಕಿಯಾನು? ಆಮೆಯ ಹಿಂದೆ ಇನ್ನಷ್ಟು ಹೊತ್ತು ಅಲೆದಾಡಿಸಿದವನಿಗೇ ನೋಟು ದಪ್ಪನಾಗಿ ಬಿದ್ದೀತು. ಮೊದಲ ಸಲ ಇಳಿಯುವವನಿಗಂತೂ ತನ್ನನ್ನು ಉಳಿಸಿದ್ದು ಯಾವ ಬೇಡ ಎಂಬುದರ ಅರಿವೂ ಇರದು.

ಎಲ್ಲ ಕಡಲುಗಳಲ್ಲೂ ಹೀಗಿಲ್ಲ. ಕಾನೂನಿನ ವೇತನ ಗಟ್ಟಿಯಾಗಿರುವ ಆಸ್ಟ್ರೇಲಿಯದಲ್ಲಿ ಭಕ್ಷೀಸನ್ನು ಸಾಮಾನ್ಯವಾಗಿ ನಿರೀಕ್ಷಿಸುವುದಿಲ್ಲ. ಜಪಾನಿನಲ್ಲಿ ಕೊಡುವ ವಾಡಿಕೆಯೇ ಇಲ್ಲ. ವಾರಗಟ್ಟಲೆ ಕಡಲಲ್ಲೇ ತಂಗುವ ಹಡಗುಗಳಲ್ಲಿ ಕೊನೆಯ ರಾತ್ರಿ ಲಕೋಟೆಯನ್ನೋ ಪೆಟ್ಟಿಗೆಯನ್ನೋ ಇಡುವುದುಂಟು. ಬಂದದ್ದನ್ನು ಅಡಿಗೆಯವನಿಂದ ಹಿಡಿದು ಎಲ್ಲರೂ ಹಂಚಿಕೊಳ್ಳುತ್ತಾರೆ. ಹಳೆಯ ಪಾಲಿನ ನೆರಳನ್ನು ನಾನು ಇದರಲ್ಲಿ ಕಾಣುತ್ತೇನೆ. ಗೈಡಾದರೂ ಕಣ್ಣೆದುರಿಗೆ ಇರುವವನು. ಯಂತ್ರದ ಪಕ್ಕದಲ್ಲಿ ಎಣ್ಣೆಮಯ್ಯಲ್ಲಿ ಕುಳಿತು ಸಿಲಿಂಡರುಗಳಿಗೆ ಗಾಳಿ ತುಂಬುವವನೊಬ್ಬನಿರುತ್ತಾನೆ. ಅವನು ಮೈಮರೆತು ಎಂಜಿನ್ನಿನ ಹೊಗೆ ಗಾಳಿಯ ಕೊಳವೆಗೆ ಸೇರಿತೆಂದರೆ, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ಸಿಲಿಂಡರಿನಲ್ಲಿ ಕುಳಿತಿರುತ್ತದೆ. ಮುಳುಗುವವರು ಅವನ ಮುಖವನ್ನೂ ನೋಡಿರುವುದಿಲ್ಲ. ಹಗ್ಗ ಹಿಡಿದವನಿಗಿದ್ದ ಪಾಲು ಅವನಿಗೂ ಇದೆಯೆ ಎಂದು ದೋಣಿ ಹತ್ತುವ ಮೊದಲೇ ವಿಚಾರಿಸಬಹುದು.